ಸಾಕುನಾಯಿ ಬೊಗಳುವುದೇಕೆ?

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳ್ಳಿಯಂತಹ ಊರುಗಳಲ್ಲಿ ಮನೆಗಳು ಒಂದಕ್ಕೊಂದು ದೂರ. ಸುತ್ತಲೂ ಅಡಕೆ ತೋಟ, ಕಾಡು. ರಾತ್ರಿಯ ಕಾವಲು ನಾಯಿಯದೇ. ಅದು ಬೊಗಳಿದೊಡನೆ ಗದರಿಸುವ ಬದಲು ಕಾರಣ ತಿಳಿಯುವುದು ಲೇಸು.

ಅಪರಿಚಿತರನ್ನು ಕಂಡ ನಾಯಿ ದಪ್ಪ ದನಿಯಲ್ಲಿ ಒಂದೇ ಸಮನೆ ಬೊಗಳುತ್ತದೆ. ಒಂಟಿಯಾಗಿ ಕಟ್ಟಿದ ನಾಯಿಯ ದನಿ ತೆಳು, ನಡುನಡುವೆ ಬಿಡುವಿರುತ್ತದೆ. ಇಂತಹ ನಾಯಿಯನ್ನು ದಿನವೂ ಕೆಲಹೊತ್ತು ತೋಟಕ್ಕೆ ಕರೆದೊಯ್ಯಬೇಕು. ಮನೆಯವರು ಕೂಗಾಡಿದರೆ ನಾಯಿ ಇನ್ನಷ್ಟು ಬೊಗಳಬಹುದು. ಸುಮ್ಮನಾದ ಕೂಡಲೇ ಒಂದು ತುತ್ತು ಕೊಟ್ಟು ರೂಢಿ ಮಾಡಿಸಬೇಕು.

ಚಿರತೆ ನಾಯಿಯನ್ನು ಹೊತ್ತೊಯ್ಯುವುದುಂಟು. ಅಂಗಳದಲ್ಲಿ ಕಟ್ಟಿದ ನಾಯಿ ಎಷ್ಟು ಬೊಗಳಿದರೂ ಓಡಲಾರದು. ಆದ್ದರಿಂದ ರಾತ್ರಿ ಅದನ್ನು ಬಾಗಿಲು ಭದ್ರವಿರುವ ಕಡೆ ಕೂಡಬೇಕು.

ನಾಯಿಯ ದನಿ ಒಡೆದು, ಜೊಲ್ಲು ಸುರಿದು, ನುಂಗಲು ಕಷ್ಟವಾದರೆ ಹುಚ್ಚುನಾಯಿ ರೋಗವಿರಬಹುದು. ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕದೆ, ಪಶುವೈದ್ಯರಿಗೆ ತಿಳಿಸಬೇಕು. ಕಚ್ಚಿದ್ದರೆ ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಯಲ್ಲಿ ಲಸಿಕೆ ಹಾಕಿಸಿಕೊಳ್ಳಬೇಕು. ಮರಿಗೆ 3 ತಿಂಗಳಾದಾಗ ಲಸಿಕೆ ಹಾಕಿಸಿ, ಮುಂದೆ ಪ್ರತಿ ವರ್ಷವೂ ತಪ್ಪದೆ ಹಾಕಿಸುವುದು ಅವಶ್ಯ.