ಹಿರಿತನದ ಪಟ್ಟಿಯಲ್ಲಿ ಮುತ್ತಮ್ಮನವರ ಸ್ಥಾನ

ಕಚೇರಿಯ ನೌಕರಿಯಲ್ಲಿರುವ ನಮ್ಮ ವಾಚಕರಿಗೆ ಹಿರಿತನದ ಪಟ್ಟಿಯೆಂದರೇನೆಂಬುದನ್ನು ವಿವರಿಸಬೇಕಾದುದಿಲ್ಲ. ಅದರಲ್ಲಿ ಎರಡು ತಿಂಗಳು ಹಿಂದೆ ಬಿದ್ದವನು ನಿವೃತ್ತನಾಗುವವರೆಗೂ ಆ ನೋವನ್ನು ಮರೆಯುವುದಿಲ್ಲ. ಮಹಿಳೆಯರ ಉದ್ಯೋಗದ ಪ್ರಶ್ನೆ ಬಂದಾಗಲೆಲ್ಲ ಪ್ರವೇಶದ ಮಾತನ್ನಾಡುವವರು ಬಹುಮಂದಿ. ಪಟ್ಟಿಯ ಮಾತನ್ನೆತ್ತುವವರು ವಿರಳ. ಆದಕಾರಣ ಕೊಡಗಿನ ಮಹಿಳೆಯೊಬ್ಬರ ವೃತ್ತಾಂತವನ್ನು ನಾವು ಇಂದು ವಾಚಕರ ಮುಂದಿಡುತ್ತೇವೆ.

1924ರಲ್ಲಿ ವಿರಾಜಪೇಟೆಯಲ್ಲಿ ಜನಿಸಿದ ಸಿ. ಬಿ. ಮುತ್ತಮ್ಮನವರು 1948ರಲ್ಲಿ ಕೇಂದ್ರ ಸರ್ಕಾರದ ಉನ್ನತ ಸೇವೆಗಳ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೊದಲನೆಯ ಮಹಿಳೆ. ಮರುವರ್ಷ ವಿದೇಶಾಂಗ ಸೇವೆಯನ್ನು ಸೇರಿದರು. ಸೇರುವಾಗ, ವಿವಾಹವಾದರೆ ರಾಜೀನಾಮೆ ಕೊಡುವೆನೆಂಬ ಮುಚ್ಚಳಿಕೆಯನ್ನು ಆಕೆಯಿಂದ ಬರೆಯಿಸಿಕೊಳ್ಳಲಾಯಿತು. ಗಂಡಸರಿಂದ ಇಂಥ ಮುಚ್ಚಳಿಕೆಯನ್ನು ಯಾರೂ ಕೇಳಲಿಲ್ಲ. 1950ರ ಜನವರಿ 26ರಂದು ರಾಜ್ಯಾಂಗವು ಜಾರಿಗೆ ಬಂದಿತು. ಸರ್ಕಾರಿ ನೌಕರಿಯಲ್ಲಿ ಲಿಂಗಭೇದ ಕೂಡದೆಂದು ಅದರ 16ನೆಯ ವಿಧಿಯು ಸಾರಿತು. ಹನ್ನೊಂದು ವರ್ಷಗಳ ತರುವಾಯ, 1961ರಲ್ಲಿ, ಆ ಸೇವೆಗೆ ರಚಿತವಾದ ನಿಯಮಗಳು ಹೇಳಿದುದೇನು? ಮಹಿಳಾ ಅಧಿಕಾರಿಯು ವಿವಾಹಕ್ಕೆ ಮುನ್ನ ಸರ್ಕಾರದ ಲಿಖಿತ ಅನುಮತಿಯನ್ನು ಪಡೆಯತಕ್ಕದ್ದು. ಸಂಸಾರದ ಹೊಣೆಯಿಂದ ಕೆಲಸಕ್ಕೆ ಅಡ್ಡಿಯಾಗುವುದೆಂದು ಸರ್ಕಾರಕ್ಕೆ ತೋರಿದಲ್ಲಿ ರಾಜೀನಾಮೆ ಕೊಡತಕ್ಕದ್ದು. ವಿವಾಹಿತೆಗೆ ಈ ಸೇವೆಯಲ್ಲಿ ನೇಮಕವಾಗುವ ಹಕ್ಕೇ ಇಲ್ಲ. ಆ ರಾಜ್ಯಾಂಗದ ಹೆಸರಿನಲ್ಲಿ ಪ್ರಮಾಣಮಾಡಿದ ಸರ್ಕಾರವೇ ಇದನ್ನೂ ಬರೆಯಿತು!

ಹೆಂಗಸರಿಗೆ ರಾಯಭಾರ ಒಗ್ಗದೆಂಬುದು ಸರ್ಕಾರದ ಅಭಿಪ್ರಾಯವಾಗಿತ್ತೆಂದು ಹೇಳುವಂತೆಯೂ ಇಲ್ಲ. ಮೂವರು ಹೆಣ್ಣುಮಕ್ಕಳ ತಾಯಿಯಾದ ವಿಜಯಲಕ್ಷ್ಮಿ ಪಂಡಿತರನ್ನು 1947ರಲ್ಲಿಯೇ ಮಾಸ್ಕೋವಿಗೂ, ಅನಂತರ ವಾಷಿಂಗ್ಟನ್ನಿಗೂ ಕಳುಹಿಸಿದವರು ಇವರೇ. ಮೇಲಿನಿಂದ ತಂದು ಕೂರಿಸುವುದಕ್ಕೆ ಅಡ್ಡಿಯಿರಲಿಲ್ಲ. ಕೆಳಗಿನಿಂದ ಮೆಟ್ಟಲೇರಿ ಬರುವವಳಿಗೆ ಮಾತ್ರ ಅಡ್ಡಿ. ಸೇವೆಯೊಳಗಿನಿಂದಲೇ ಬಂದ ಮಹಿಳೆಯೊಬ್ಬರು ರಾಯಭಾರಿಯಾಗಲು 1970 ಬರಬೇಕಾಯಿತು. ಹಂಗೆರಿಗೆ ಹೋದ ಮುತ್ತಮ್ಮನವರೇ ಆಕೆ.

ಮುತ್ತಮ್ಮನವರು ಅವಿವಾಹಿತರಾಗಿಯೇ ಉಳಿದರೆಂಬುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ನಿಯಮವು ಅಂಜಿದ ಗಂಡ, ಮಕ್ಕಳು, ಅಡಿಗೆಮನೆ ಯಾವುದೂ ಅವರ ಕೆಲಸಕ್ಕೆ ಅಡ್ಡಬರಲಿಲ್ಲ. ಆದರೂ ಮೊದಲನೆಯ ದರ್ಜೆಗೆ ಬಡ್ತಿಯ ಕಾಲ ಬಂದಾಗ, ಅರ್ಹತೆ ಸಾಲದೆಂದು ಅವರನ್ನು ಬಿಟ್ಟು ಕಿರಿಯರನ್ನು ಮೇಲೇರಿಸಲಾಯಿತು. ನಿಯಮವಾದರೋ ಅಚ್ಚಾಗಿರುತ್ತದೆ; ಅದನ್ನು ತೋರಿಸಿ ವಾದಿಸಬಹುದು. ಅರ್ಹತೆಯೆಂಬುದು ಗುಪ್ತ ವರದಿಯಲ್ಲಿ, ಮೇಲಧಿಕಾರಿಯ ಲೇಖನಿಯ ತುದಿಯಲ್ಲಿರುವಂಥದು. ಅದರೆದುರು ಯಾವ ವಕೀಲನು ಏನು ಹೇಳಬಲ್ಲನು?

ಆದರೂ ಅವರು ಸುಪ್ರೀಂ ಕೋರ್ಟಿಗೆ ಹೋದರು. ಮೊಕದ್ದಮೆಯು ಇತ್ಯರ್ಥವಾಗುವ ಮೊದಲೇ ಸರ್ಕಾರದವರಿಗೆ ಅವರ ಅರ್ಹತೆಯು ಗೋಚರವಾಗಿ ಬಡ್ತಿ ದೊರೆಯಿತು. ನ್ಯಾಯಾಲಯದ ಮೆಟ್ಟಲೇರಿದೊಡನೆ ವೃದ್ಧಿಯಾಗುವ ಈ ಬಗೆಯ ಅರ್ಹತೆಯನ್ನು ನಾವು ಬೇರೆಲ್ಲಿಯೂ ಕಂಡಿಲ್ಲ! ಎರಡು ನಿಯಮಗಳಲ್ಲಿ ಒಂದನ್ನು 1973ರಲ್ಲಿಯೇ ತೆಗೆದಿರುವುದಾಗಿಯೂ, ಇನ್ನೊಂದನ್ನು ತೆಗೆಯಲಿರುವುದಾಗಿಯೂ ಸರ್ಕಾರದವರು ಅರಿಕೆಮಾಡಿಕೊಂಡರು. 1979ರ ಸೆಪ್ಟೆಂಬರಿನಲ್ಲಿ ತೀರ್ಪಿತ್ತ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು, ಸಂಸಾರದ ಹೊಣೆಯು ಹೆಂಗಸಿಗೆ ತೊಡಕಾಗುವುದಾದರೆ ಗಂಡಸಿಗೂ ಆಗಬಹುದಲ್ಲವೆ ಎಂಬ ಅರ್ಥದಲ್ಲಿ ಪ್ರಶ್ನಿಸಿದರು. ಬಡ್ತಿಯಾಗಿದ್ದುದರಿಂದ ಅರ್ಜಿಯು ವಜಾ ಆಯಿತು. ಆದರೆ ಕಿರಿಯರು ಕೆಲವು ತಿಂಗಳು ಮೊದಲೇ ಮೇಲೇರಿದುದರಿಂದ ಆಕೆಗಾದ ಹಿರಿತನದ ನಷ್ಟವನ್ನು ಪುನಃ ಪರಿಶೀಲಿಸಬೇಕೆಂದು ಆದೇಶವಾಯಿತು. ಮೂವತ್ತು ವರ್ಷ ದುಡಿದ ಮೇಲೆ, ಕೆಲವು ತಿಂಗಳಿಗಾಗಿ ದೇಶದ ಅತ್ಯುಚ್ಚ ನ್ಯಾಯಸ್ಥಾನದವರೆಗೆ!

ಸಂಬಳದ ವಿಚಾರದಲ್ಲಿ ತಂತ್ರ ಬೇರೆ, ಫಲ ಒಂದೇ. ಮುಂಬಯಿಯ ಮೆಕಿನನ್ ಮೆಕೆಂಜಿ ಕಂಪೆನಿಯಲ್ಲಿ ಮಹಿಳಾ ಶೀಘ್ರಲಿಪಿಕಾರರನ್ನು ಬೇರೊಂದು ವರ್ಗವೆಂದು ಕರೆದು, ಅದೇ ಕೆಲಸದ ಗಂಡಸರಿಗಿಂತ ಕಡಮೆ ಸಂಬಳವನ್ನು ಕೊಡುತ್ತಿದ್ದರು. ಕಾರ್ಮಿಕ ಸಂಘದೊಡನೆ ಒಪ್ಪಂದವಾಗಿದೆ, ಹೆಚ್ಚು ಕೊಡಲು ಶಕ್ತಿಯಿಲ್ಲ ಎಂಬ ಸಮಾಧಾನಗಳಾವುವನ್ನೂ ಸುಪ್ರೀಂ ಕೋರ್ಟು 1987ರಲ್ಲಿ ಅಂಗೀಕರಿಸಲಿಲ್ಲ.

ಹಾಗಾದರೆ ಅರ್ಹತೆಯನ್ನು ನೋಡಲೇಬಾರದೆ ಎಂದು ಕೆಲವರು ಕೇಳಿಯಾರು. ಅವಶ್ಯವಾಗಿ ನೋಡಲಿ, ಆದರೆ ನೋಡಿದ ಬಗೆಯನ್ನು ಹೇಳಲಿ. ಪರರನ್ನು ಆಕ್ಷೇಪಿಸುವ ಮುನ್ನ ನಮ್ಮದನ್ನೂ ಒಪ್ಪಿಕೊಳ್ಳುತ್ತೇವೆ: ನಮ್ಮ ಕಾರ್ಯಾಲಯದಲ್ಲಿಯೂ ಕರಡಚ್ಚು ತಿದ್ದುವ ಮೇಜಿನಿಂದ ಮೇಲಕ್ಕೆ ಯಾವ ಮಹಿಳೆಯೂ ಇನ್ನೂ ಬಂದಿಲ್ಲ. ಏಕೆ ಎಂದು ಈ ಲೇಖನವನ್ನು ಬರೆಯುವವರೆಗೆ ನಾವು ಕೇಳಿಕೊಂಡಿರಲೇ ಇಲ್ಲ.

ಮುತ್ತಮ್ಮನವರು 1982ರಲ್ಲಿ ನಿವೃತ್ತರಾಗಿ 2009ರಲ್ಲಿ ಬೆಂಗಳೂರಿನಲ್ಲಿ ಕಾಲವಾದರು. ಅವರು ಸೇರಿದ ಸೇವೆಯಿಂದ ಮಹಿಳೆಯೊಬ್ಬರು, ಚೋಕಿಲಾ ಅಯ್ಯರ್ ಅವರು, ವಿದೇಶಾಂಗ ಕಾರ್ಯದರ್ಶಿಯಾದುದು 2001ರಲ್ಲಿ. ಸರ್ಕಾರದವರು ಇನ್ನು ಮುಂದೆ ಪ್ರತಿಯೊಂದು ಬಡ್ತಿಯ ಪಟ್ಟಿಯ ಸಂಗಡ, ಪರಿಶೀಲನೆಗೆ ಬಂದ ಮಹಿಳೆಯರೆಷ್ಟು, ಮೇಲೇರಿದವರೆಷ್ಟು, ಬಿಟ್ಟುದಕ್ಕೆ ಕಾರಣವೇನು ಎಂಬುದನ್ನು ಪ್ರಕಟಿಸಬೇಕೆಂದು ನಾವು ಒತ್ತಾಯಪಡಿಸುತ್ತೇವೆ. ಇದಕ್ಕೆ ಹೊಸ ಕಾಯಿದೆಯೇನೂ ಬೇಕಾಗಿಲ್ಲ. ಒಂದು ಹಾಳೆ ಕಾಗದ ಸಾಕು.