ಮಹದಾಯಿಯ ಅಳಿವೆಯಲ್ಲಿ

ಬೆಳಗಾವಿಯ ಕೋಟೆಯ ಬಳಿ ಬಸ್ಸು ಹತ್ತಿ, ಜಾಂಬೋಟಿ, ಕಣಕುಂಬಿಗಳ ಕಾಡು ದಾಟಿ ಚೋರ್ಲಾ ಘಾಟವನ್ನಿಳಿದರೆ ಪಣಜಿಯ ದಾರಿ. ಖಾನಾಪುರ ತಾಲೂಕಿನ ಈ ಕಾಡು ಎರಡು ನದಿಗಳ ತವರು. ಕಣಕುಂಬಿಯ ಮಲಪ್ರಭೆ ಮೂಡಲಿಗೆ ನಡೆದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಭೀಮಗಡದ ಅಡವಿಯ ಮಹದಾಯಿ ಪಡುವಲಿಗಿಳಿದು, ಗೋವೆಯಲ್ಲಿ ಮಾಂಡವಿಯೆನಿಸಿ ಕಡಲಿಗೆ ಸಲ್ಲುತ್ತಾಳೆ. ದೂರಕ್ಕೆ ಕೊಟ್ಟ ಈ ಮಗಳನ್ನು ನೋಡಿಬರಲೆಂದೇ ನಾನು ಹೊರಟಿದ್ದೆ.

ಪಣಜಿ 1843ರಲ್ಲಿ ರಾಜಧಾನಿಯಾದ ಊರು. ಹೊಳೆದಂಡೆಯ ಹಳೆಯ ಅರಮನೆ ಮೂಲತಃ ಆದಿಲಶಾಹಿಯದು. 1510ರಲ್ಲಿ ಗೋವೆ ಪೋರ್ಚುಗೀಸರ ವಶವಾಯಿತು. ನಮ್ಮ ಕೋಟೆಯನ್ನೂ ಒಮ್ಮೆ ಆಳಿದವರು ಅದೇ ವಿಜಾಪುರದವರು. ಫೊಂಟೆನ್ಯಾಸ್ ಓಣಿಗಳ ಹಳದಿ, ನೀಲಿ ಗೋಡೆಗಳನ್ನೂ ಕೆಂಪು ಹೆಂಚುಗಳನ್ನೂ ನೋಡುತ್ತ ಸಂಜೆಗೆ ಅಳಿವೆಯನ್ನು ತಲುಪಿದೆ. ಆಚೆ ದಡದಲ್ಲಿ 1612ರ ಅಗ್ವಾದ ಕೋಟೆ. ನಡುವೆ ಕಡಲಾವುದು, ಹೊಳೆಯಾವುದು ಎಂದು ತಿಳಿಯದ ಜಲರಾಶಿ.

ಭರತದ ಹೊತ್ತು, ಉಪ್ಪುನೀರು ಹೊಳೆಯೊಳಕ್ಕೆ ಏರುತ್ತಿತ್ತು. ಇಲ್ಲಿಯ ರೈತರು ಒಡ್ಡು ಕಟ್ಟಿ ಖಜಾನ್ ಗದ್ದೆಗಳನ್ನು ಅದರಿಂದ ಕಾದುಕೊಂಡವರು. ಮೇಲಿನ ಸಿಹಿನೀರು ತಗ್ಗಿದರೆ ಉಪ್ಪು ಇನ್ನೂ ಮೇಲೇರೀತೆಂಬುದು ಇವರ ಅಂಜಿಕೆ; ಮಲಪ್ರಭೆ ಬತ್ತಿದರೆ ಹುಬ್ಬಳ್ಳಿ-ಧಾರವಾಡಗಳ ಕೊಡ ಬರಿದಾದೀತೆಂಬುದು ನಮ್ಮದು. 2018ರಲ್ಲಿ ನ್ಯಾಯಮಂಡಳಿ ಮಹದಾಯಿಯಿಂದ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ನೀರನ್ನು ಹಂಚಿತು. ಆ ಅಂಕಿಯನ್ನು ಪತ್ರಿಕೆಯಲ್ಲಿ ಎಷ್ಟೋ ಸಲ ಓದಿದ್ದೆ. ಹೊಳೆಯ ಕೊನೆಯನ್ನು ಕಂಡದ್ದು ಅಂದೇ. ತವರಿನ ಹಕ್ಕನ್ನು ನಾನು ಬಿಟ್ಟುಕೊಡಲಾರೆ. ಆದರೆ ಕೊಟ್ಟ ಮನೆಯಲ್ಲಿಯೂ ಅವಳನ್ನೇ ನಂಬಿ ಬದುಕುವವರಿದ್ದಾರೆಂಬುದನ್ನು ಇನ್ನು ಮರೆಯಲಾರೆ.