ದುಂಬಿ ಕಡಿಮೆಯಾದರೆ ಮಕರಂದಕ್ಕೂ ಕತ್ತರಿ

ಪ್ಯಾರಿಸ್ ಸುತ್ತಲಿನ ಹೊಲಗಳಲ್ಲಿ ಕಳೆಯಾಗಿ ಬೆಳೆಯುವ ಪ್ಯಾನ್ಸಿ ಗಿಡದ ಹೂವು 20–30 ವರ್ಷಗಳಲ್ಲಿ ಶೇ 10ರಷ್ಟು ಕಿರಿದಾಗಿದೆ. ಮಕರಂದ ಶೇ 20ರಷ್ಟು ಇಳಿದಿದೆ. ಸ್ವಂತ ಪರಾಗದಿಂದಲೇ ಬೀಜ ಕಟ್ಟುವ ಪ್ರಮಾಣ ಶೇ 27ರಷ್ಟು ಏರಿದೆ. ಫ್ರಾನ್ಸಿನ ರಾಷ್ಟ್ರೀಯ ಸಂಶೋಧನಾ ಸಂಸ್ಥೆ ಸಿಎನ್‌ಆರ್‌ಎಸ್ ಮತ್ತು ಮೊಂಪೆಲಿಯೆ ವಿಶ್ವವಿದ್ಯಾಲಯದ ವಿಜ್ಞಾನಿಗಳು 2023ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಲೆಕ್ಕವಿದು.

ಹಿಂದೆ ಕೂಡಿಟ್ಟ ಬೀಜಗಳನ್ನೂ ಅದೇ ಜಾಗಗಳ ಈಚಿನ ಬೀಜಗಳನ್ನೂ ಒಟ್ಟಿಗೆ ಬೆಳೆಸಿ ಅವರು ಅಳೆದರು. ಮಣ್ಣು, ನೀರು, ಬೆಳಕು ಎರಡಕ್ಕೂ ಒಂದೇ. ಹಾಗಾಗಿ ಈ ವ್ಯತ್ಯಾಸ ವಂಶವಾಹಿಯದು. ಕಣ್ಣೆದುರೇ ನಡೆದ ವಿಕಾಸ.

ಖರ್ಚು ಮತ್ತು ಪ್ರತಿಫಲ

ದಳ, ಪರಿಮಳ, ಮಕರಂದ ಎಲ್ಲವೂ ಗಿಡಕ್ಕೆ ಖರ್ಚಿನ ಬಾಬತ್ತು. ಕೀಟ ಬಂದು ಪರಾಗ ಸಾಗಿಸಿದರಷ್ಟೇ ಆ ಖರ್ಚು ಗಿಟ್ಟುತ್ತದೆ. ಬರುವವರು ಕಡಿಮೆಯಾದಲ್ಲಿ, ಕಡಿಮೆ ಖರ್ಚಿನಲ್ಲಿ ತಾನೇ ಬೀಜ ಕಟ್ಟುವ ಗಿಡದ ಸಂತತಿ ಹೆಚ್ಚುತ್ತದೆ.

ಬರುವವರು ಯಾರು ಎಂಬುದೂ ಹೂವನ್ನು ತಿದ್ದುತ್ತದೆ:

- 9 ತಲೆಮಾರು: ಜ್ಯೂರಿಕ್ ವಿಶ್ವವಿದ್ಯಾಲಯದ 2017ರ ಪ್ರಯೋಗದಲ್ಲಿ ಸಾಸಿವೆ ಕುಲದ ಗಿಡಗಳ ಒಂದು ಗುಂಪಿಗೆ ಬಂಬಲ್‌ಬೀಗಳನ್ನು, ಇನ್ನೊಂದಕ್ಕೆ ಹೋವರ್‌ ನೊಣಗಳನ್ನು ಮಾತ್ರ ಬಿಟ್ಟರು. 9 ತಲೆಮಾರುಗಳಲ್ಲೇ ಮೊದಲ ಗುಂಪು ಎತ್ತರವಾಗಿ, ಹೆಚ್ಚು ಘಮಘಮಿಸಿತು. ಎರಡನೆಯದು ಗಿಡ್ಡವಾಗಿ, ಪರಿಮಳ ತಗ್ಗಿಸಿ, ಸ್ವಪರಾಗಸ್ಪರ್ಶದತ್ತ ವಾಲಿತು.
- 74 ಪಟ್ಟು: ಅಮೆರಿಕದ ಮಂಕಿಫ್ಲವರ್‌ನ ಕೆಂಪು ಪ್ರಭೇದಕ್ಕೆ ಹಮ್ಮಿಂಗ್‌ಬರ್ಡ್, ನಸುಗೆಂಪು ಪ್ರಭೇದಕ್ಕೆ ಬಂಬಲ್‌ಬೀ ಬರುತ್ತವೆ. ಬಣ್ಣ ನಿರ್ಧರಿಸುವ ಒಂದೇ ವಂಶವಾಹಿ ತಾಣವನ್ನು ಅದಲುಬದಲು ಮಾಡಿದಾಗ, ಕೆಂಪು ಪ್ರಭೇದಕ್ಕೆ ಬಂಬಲ್‌ಬೀ ಭೇಟಿ 74 ಪಟ್ಟು, ನಸುಗೆಂಪು ಪ್ರಭೇದಕ್ಕೆ ಹಕ್ಕಿಯ ಭೇಟಿ 68 ಪಟ್ಟು ಏರಿತೆಂದು 2003ರ ಅಧ್ಯಯನ ತೋರಿಸಿತು.

ಎಷ್ಟು ದೊಡ್ಡ ಪ್ರಶ್ನೆ?

2011ರ ಅಂದಾಜಿನಂತೆ ಹೂಬಿಡುವ ಸಸ್ಯ ಪ್ರಭೇದಗಳಲ್ಲಿ ಶೇ 87.5ರಷ್ಟು, ಅಂದರೆ ಸುಮಾರು 3.08 ಲಕ್ಷ, ಪರಾಗಸ್ಪರ್ಶಕ್ಕೆ ಪ್ರಾಣಿಗಳನ್ನು ನೆಚ್ಚಿವೆ. ನಮ್ಮದೂ ಸೇರಿದಂತೆ ಉಷ್ಣವಲಯದ ಸಸ್ಯಸಮುದಾಯಗಳಲ್ಲಿ ಈ ಪಾಲು ಸರಾಸರಿ ಶೇ 94. ಇತ್ತ ಜರ್ಮನಿಯ ಸಂರಕ್ಷಿತ ಪ್ರದೇಶಗಳಲ್ಲೇ ಹಾರುವ ಕೀಟಗಳ ಒಟ್ಟು ತೂಕ 27 ವರ್ಷಗಳಲ್ಲಿ ಶೇ 76ರಷ್ಟು ಕುಸಿದಿದೆ.

ಈ ಅಂಕಿಗಳನ್ನು ಜೋಡಿಸಿ ನೋಡಿದರೆ ಅಪಾಯದ ಸುಳಿ ಕಾಣುತ್ತದೆ. ಕೀಟ ಕಡಿಮೆಯಾದರೆ ಮಕರಂದ ಕಡಿಮೆ. ಮಕರಂದ ಕಡಿಮೆಯಾದರೆ ಉಳಿದ ಕೀಟಗಳಿಗೂ ಹಸಿವು. ಸ್ವಪರಾಗಸ್ಪರ್ಶ ಹೆಚ್ಚಿದಂತೆ ಗಿಡದ ವಂಶವೈವಿಧ್ಯವೂ ಸೊರಗಿ, ರೋಗ, ಬರ ತಾಳುವ ಅವಕಾಶ ಕುಗ್ಗುತ್ತದೆ. ಆದ್ದರಿಂದ ಕೀಟನಾಶಕ ತಗ್ಗಿಸುವ, ಬದುವಿನ ಹೂಗಿಡ ಉಳಿಸುವ ಕೆಲಸಕ್ಕೆ ಕೀಟಗಳು ಪೂರಾ ಮರೆಯಾಗುವವರೆಗೆ ಕಾಯುವಂತಿಲ್ಲ. ಹೂವು ಬದಲಾಗಲು 20 ವರ್ಷ ಸಾಕು.